ಬೋರಲಿದ್ದರೆ ಬಾಕಿ

ಸಕ್ಕರೆಯಕ್ಕ ಸುಳ್ಳುಗಾರ್ತಿ. ಇದನ್ನು ಸುತ್ತಿ ಬಳಸಿ ಹೇಳಬೇಕಾದ ಅಗತ್ಯವಿಲ್ಲ. ಲಾಭಕ್ಕೆ ಸುಳ್ಳು ಹೇಳುವವರಿದ್ದಾರೆ, ಹೆದರಿ ಹೇಳುವವರಿದ್ದಾರೆ. ಇವಳು ಎದುರಿಗಿದ್ದವರ ಮುಖ ಅರಳಲಿ ಎಂದು ಹೇಳುತ್ತಿದ್ದಳು. ಸುಳ್ಳುಗಳಲ್ಲೆಲ್ಲ ಕೆಟ್ಟದ್ದು ಇದೇ. ಏಕೆಂದರೆ ಇದನ್ನು ಹೇಳಿದವರನ್ನು ಜನ ಬೈಯುವುದಿಲ್ಲ, ಹೊಗಳುತ್ತಾರೆ.

ಹಾಗೆ ಹೊಗಳಿ ಹೊಗಳಿಯೇ ಜನ ಅವಳಿಗೆ ಆ ಹೆಸರಿಟ್ಟದ್ದು. ಅವಳು ಕೆಲಸ ಮಾಡುತ್ತಿದ್ದ ಶಿಶುಪಾಲನಾ ಕೇಂದ್ರ ಒಂದು ಇಸ್ತ್ರಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಸಂಜೆ ತಾಯಂದಿರು ಕಚೇರಿ ಮುಗಿಸಿ ಮೆಟ್ಟಿಲ ಬುಡಕ್ಕೆ ಬಂದು ನಿಂತರೆ ಅವಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಇಳಿದು ಬರುವಳು. ಊಟ ಮಾಡಿತೇ ಎಂದರೆ ತಟ್ಟೆ ನೆಕ್ಕಿತು ಎನ್ನುವಳು. ಮಲಗಿತೇ ಎಂದರೆ ಕೊರಡಿನ ಹಾಗೆ. ಅತ್ತಿತೇ ಎಂದರೆ, ಅಯ್ಯೋ, ಇದು ಅಳುವ ಮಗುವೇ? ಅದೇ ಮಗು ಮಧ್ಯಾಹ್ನ ಮಾಳಿಗೆ ಹಾರಿಹೋಗುವಂತೆ ಕಿರುಚಿರುತ್ತಿತ್ತು, ಅದರ ಅನ್ನ ಕಾಗೆಯ ಪಾಲಾಗಿರುತ್ತಿತ್ತು. ದಿನವಿಡೀ ದುಡಿದು ಬಾಡಿದ ತಾಯಿಯ ಮುಖ ಆ ಒಂದು ಮಾತಿಗೆ ನೀರು ಕಂಡ ಗಿಡದಂತಾಗುತ್ತಿತ್ತು. ಸಕ್ಕರೆಯಕ್ಕನಿಗೆ ಬೇಕಾದದ್ದು ಅಷ್ಟೇ.

ಪಾತ್ರೆ ಬಟ್ಟೆ ತೊಳೆಯಲು ಬರುತ್ತಿದ್ದ ಅಜ್ಜಿಯೊಬ್ಬಳು ಮಾತ್ರ ಅವಳನ್ನು ಸುಮ್ಮನೆ ಬಿಡುತ್ತಿರಲಿಲ್ಲ. ತಟ್ಟೆಗಳಲ್ಲಿ ಉಳಿದದ್ದನ್ನು ಕಣ್ಣಾರೆ ಕಾಣುತ್ತಿದ್ದವಳು ಅವಳು ತಾನೆ. "ನಿನ್ನ ಮಾತು ನಿಜ ಆಗಿದ್ರೆ ಈ ಮಕ್ಕಳೆಲ್ಲ ಆನೆಮರಿ ಆಗಿರಬೇಕಿತ್ತು ಕಣೇ. ನೋಡಿದ್ರೆ ಒಂದೊಂದೂ ಕಡ್ಡಿ ಪೈಲ್ವಾನ" ಎನ್ನುತ್ತಿದ್ದಳು. ಸಕ್ಕರೆಯಕ್ಕ ನಗುತ್ತಿದ್ದಳು. ಅಜ್ಜಿಗೂ ಒಂದು ಸಕ್ಕರೆ ತುಣುಕು ಎಸೆಯುತ್ತಿದ್ದಳು: ಈ ವಯಸ್ಸಿನಲ್ಲೂ ಅಜ್ಜಿಯ ಸೊಂಟ ಎಷ್ಟು ನೆಟ್ಟಗಿದೆ, ಇತ್ಯಾದಿ. ಅಜ್ಜಿಯ ಸೊಂಟ ಬಿಲ್ಲಿನಂತಿತ್ತು. ಆದರೂ ಅಂದು ಅವಳು ತುಸು ಹಗುರಾಗಿ ನಡೆಯುತ್ತಿದ್ದಳೆಂಬುದು ಸುಳ್ಳಲ್ಲ.

ಈ ಗುಣ ಅವಳಿಗೆ ಬಂದದ್ದು ತೌರಿನಿಂದ. ಅಪ್ಪ ಅಮ್ಮ ಒಂದೇ ಸೂರಿನಡಿ ಇದ್ದು ವರ್ಷಗಟ್ಟಲೆ ಮಾತಾಡದೆ ಬಾಳಿದವರು. ಇವಳು ಲಂಗ ಹಾಕಿದ ಕಾಲದಿಂದ ನಡುಮನೆಗೂ ಅಡುಗೆಮನೆಗೂ ಮಾತು ಹೊರುತ್ತಿದ್ದಳು. 'ಹಾಳು ಬಾವಿಗೆ ಬೀಳಲಿ ಅನ್ನು' ಎಂದು ಅಪ್ಪ ಹೇಳಿದ್ದು ಅಡುಗೆಮನೆ ತಲುಪುವಾಗ 'ನಿನ್ನ ಊಟ ಆಯ್ತಾ ಅಂತ ಕೇಳ್ತಿದ್ದಾರೆ' ಎಂದಾಗಿರುತ್ತಿತ್ತು. ಆ ಸಂಸಾರ ಮುರಿಯದೆ ಉಳಿದದ್ದು ತನ್ನಿಂದ ಎಂದು ಅವಳ ನಂಬಿಕೆ. ಮುರಿದಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತೋ ಏನೋ. ಅದನ್ನು ಅವಳು ಯೋಚಿಸಿರಲಿಲ್ಲ.

ಅವಳ ಗಂಡ ಬೀಗ ರಿಪೇರಿ ಮಾಡುವವನು, ಮಿತಭಾಷಿ. ಯಮ ಬಂದು ಬಾಗಿಲು ತಟ್ಟಿದರೂ ಇವಳು 'ದಣಿದು ಬಂದಿದ್ದೀರಿ, ಒಳಗೆ ಬನ್ನಿ' ಎನ್ನುವವಳು ಎಂದು ನೆಂಟರ ಎದುರಿಗೆ ಹೇಳಿ, ತಾನು ಮಾತ್ರ ನಗದೆ ಕೂರುತ್ತಿದ್ದ. ಮಕ್ಕಳಿಲ್ಲದ ಮನೆ. ದಾರದ ಕಾರ್ಖಾನೆಯಲ್ಲಿ ಕಣ್ಣು ಮಂಜಾದ ಮೇಲೆ ಅವಳು ಈ ಕೇಂದ್ರಕ್ಕೆ ಸೇರಿದ್ದಳು. ಓದು ಬರುತ್ತಿತ್ತು, ಅಂಗಡಿಯ ಹಲಗೆಯಷ್ಟು ದಪ್ಪ ಅಕ್ಷರವಿದ್ದರೆ. ಔಷಧಿ ಬಾಟಲಿಯ ಮೇಲಿನ ಅಕ್ಷರ ಅವಳ ಪಾಲಿಗೆ ಇರುವೆ ಸಾಲು. ಕನ್ನಡಕ ಮಾಡಿಸಿಕೋ ಎಂದರೆ, ನನ್ನ ಕಣ್ಣಿಗೇನಾಗಿದೆ, ಹದ್ದಿನ ಕಣ್ಣು ಎನ್ನುತ್ತಿದ್ದಳು. ತನಗೂ ತಾನು ಸಕ್ಕರೆ ಹಂಚಿಕೊಳ್ಳುವುದರಲ್ಲಿ ಅವಳು ಜಿಪುಣಿಯಾಗಿರಲಿಲ್ಲ.

ಕೇಂದ್ರದಲ್ಲಿ ಮಕ್ಕಳಿಗೆ ಔಷಧಿ ಕುಡಿಸುವುದು ಅವಳ ಕೆಲಸ. ಮುದ್ದು ಮಾಡಿ ನುಂಗಿಸುವ ಕೈ ಅವಳಿಗಿದ್ದಷ್ಟು ಬೇರೆ ಯಾರಿಗೂ ಇರಲಿಲ್ಲ. ಕೋಣೆಯ ಒಂದು ಮೂಲೆಯಲ್ಲಿ ಮಕ್ಕಳ ಕೈಗೆಟುಕದ ಕಪಾಟಿತ್ತು. ಮನೆಯಿಂದ ಬಂದ ಬಾಟಲಿಗಳನ್ನು ಅಲ್ಲಿ ಸಾಲಾಗಿ ಇಡುತ್ತಿದ್ದರು. ಪ್ರತಿ ಬಾಟಲಿಯ ಮುಂದೆ ಒಂದು ಪ್ಲಾಸ್ಟಿಕ್ ಅಳತೆ ಮುಚ್ಚಳ. ಹಿಂದೊಮ್ಮೆ ಒಂದು ಮಗು ಔಷಧಿ ಹನಿಸುವ ಗಾಜಿನ ನಳಿಕೆಯನ್ನು ಕಚ್ಚಿ ಒಡೆದ ಮೇಲೆ, ಯಾವ ಔಷಧಿಯೇ ಬರಲಿ, ಮುಚ್ಚಳದಲ್ಲೇ ಕುಡಿಸಬೇಕೆಂದು ಮೇಲ್ವಿಚಾರಕಿ ಮೇಡಂ ಕಟ್ಟಪ್ಪಣೆ ಮಾಡಿದ್ದರು. ಮುಚ್ಚಳಗಳಿಗೆ ಒಂದು ಪದ್ಧತಿಯೂ ಇತ್ತು. ಬೋರಲಿದ್ದರೆ ಬಾಕಿ, ಅಂಗಾತವಿದ್ದರೆ ಆಯಿತು. ಕುಡಿಸಿದ ಮುಚ್ಚಳವನ್ನು ಬಾಯಿ ಮೇಲೆ ಮಾಡಿ ಹಾಗೇ ಇಡುವುದು, ಸಂಜೆ ತೊಳೆದು ಮತ್ತೆ ಬೋರಲು ಹಾಕುವುದು. ಇದನ್ನು ಯಾರು ಶುರುಮಾಡಿದರೋ ತಿಳಿಯದು, ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಕಣ್ಣು ಮಂಜಾದವಳಿಗೂ ಕಾಣುವ ಗುರುತು, ಆದ್ದರಿಂದ ಚೆನ್ನಾಗಿ ನಡೆದಿತ್ತು.

ಹಾಗಿರುವಾಗ ಎದುರು ಬೀದಿಯ ಮಕ್ಕಳ ಡಾಕ್ಟರು ಕೇಂದ್ರದ ಹೆಂಗಸರಿಗೆ ತರಬೇತಿ ಕೊಡಲು ಬಂದರು. ಒಳ್ಳೆಯ ಹೆಂಗಸು, ಮಾತು ಮಾತ್ರ ಓಡುವ ರೈಲು. ಜ್ವರ ರೋಗವಲ್ಲ, ಸೂಚನೆ ಎಂದರು. ಸಕ್ಕರೆಯಕ್ಕನಿಗೆ ಅರ್ಥವಾಗಲಿಲ್ಲ. ಸೂಚನೆಯಾದರೆ ಅದಕ್ಕೆ ಔಷಧಿ ಏಕೆ? ಕೈಯಿಂದ ಮುಟ್ಟಿ ಜ್ವರ ನೋಡಬೇಡಿ ಎಂದರು. ಅದು ತಕ್ಕಮಟ್ಟಿಗೆ ತಿಳಿಯಿತು, ಏಕೆಂದರೆ ಕೆಳಗಿನ ಕೆಂಡದ ಇಸ್ತ್ರಿಯ ಕಾವಿಗೆ ಕೋಣೆಯ ಒಂದು ಮೂಲೆಯ ನೆಲ ಸದಾ ಬೆಚ್ಚಗಿದ್ದು, ಅಲ್ಲಿ ಮಲಗಿದ ಮಕ್ಕಳಿಗೆಲ್ಲ ಜ್ವರ ಬಂದಂತೆಯೇ ಇರುತ್ತಿತ್ತು. ಔಷಧಿಯ ಅಳತೆ ಮಗುವಿನ ತೂಕಕ್ಕೆ, ವಯಸ್ಸಿಗಲ್ಲ ಎಂದರು. ಬಾಟಲಿಯ ಮೇಲಿನ ಗಟ್ಟಿತನ ಓದಿ ಎಂದರು. ಬಳಸಿದ ಮುಚ್ಚಳವನ್ನು ಆಗಿಂದಾಗಲೇ ತೊಳೆಯಿರಿ ಎಂದರು. ಕೊನೆಗೆ, ಎಲ್ಲ ಅರ್ಥವಾಯಿತೇ ಎಂದು ಕೇಳಿದರು.

ಉಳಿದ ಹೆಂಗಸರು ನೆಲ ನೋಡಿದರು. ಡಾಕ್ಟರ ಮುಖದಲ್ಲಿ ಬಾಡುವ ಸೂಚನೆ ಕಂಡದ್ದೇ ತಡ, ಸಕ್ಕರೆಯಕ್ಕ ಎದ್ದು ನಿಂತಳು. "ನೀವು ಹೇಳಿದ ರೀತಿಗೆ ತೊಟ್ಟಿಲ ಮಕ್ಕಳಿಗೂ ಅರ್ಥ ಆಗಿರುತ್ತೆ ಡಾಕ್ಟ್ರೇ" ಎಂದಳು. ಡಾಕ್ಟರ ಮುಖ ಅರಳಿತು. ಇಂಥವರೊಬ್ಬರು ಪ್ರತಿ ಕೇಂದ್ರದಲ್ಲಿ ಇರಬೇಕು ಎಂದು ಮೇಡಂಗೆ ಹೇಳಿ ಹೋದರು. ಗಟ್ಟಿತನ ಎಂದರೇನು ಎಂದು ಕೇಳಬೇಕೆಂದು ಅವಳಿಗಿತ್ತು. ಎದ್ದು ನಿಂತದ್ದೂ ಬಹುಶಃ ಅದಕ್ಕೇ. ಬಾಯಿ ತೆರೆದಾಗ ಬೇರೆ ಬಂತು.

ಮುಂದಿನ ವಾರ ಗುಬ್ಬಿ ಎಂಬ ಮಗು ಜ್ವರ ಹೊತ್ತು ಬಂದಿತು. ಅದರ ಕೊರಳಿನಿಂದ ಬರುತ್ತಿದ್ದ ಕೀಚಲು ಸದ್ದಿಗೆ ಆ ಹೆಸರು. ಆಗಷ್ಟೇ ಓಡಲು ಕಲಿತ ಹೆಣ್ಣುಕೂಸು. ತಾಯಿ ವಿಮಾ ಕಚೇರಿಯಲ್ಲಿ ಕೆಲಸದವಳು, ಅಂದು ರಜೆ ಸಿಕ್ಕಿರಲಿಲ್ಲ. ರಾತ್ರಿ ಸ್ವಲ್ಪ ಬಿಸಿ ಇತ್ತು, ಈಗ ಇಳಿದಿದೆ ಎಂದು ಹೇಳಿ ಚೀಲದಿಂದ ಒಂದು ಚಿಕ್ಕ ಬಾಟಲಿ ತೆಗೆದುಕೊಟ್ಟಳು. ಮುಚ್ಚಳ ಸಡಿಲಾಗಿ ಔಷಧಿ ಚೀಲದಲ್ಲೆಲ್ಲ ಸೋರಿ ಬಾಟಲಿ ಅಂಟಂಟಾಗಿತ್ತು. ಊಟದ ಮೇಲೆ ಒಂದು ಸಲ ಕೊಡಿ ಅಕ್ಕ ಎಂದಳು. ಎಷ್ಟು ಎಂದು ಅವಳು ಹೇಳಲಿಲ್ಲ, ಎಷ್ಟು ಎಂದು ಇವಳು ಕೇಳಲಿಲ್ಲ. ಬಸ್ಸು ಬಂದಿತ್ತು.

ಸಕ್ಕರೆಯಕ್ಕ ಬಾಟಲಿಯನ್ನು ತಿರುಗಿಸಿ ನೋಡಿದಳು. ಎಂದಿನ ಜ್ವರದ ಔಷಧಿಗಿಂತ ಚಿಕ್ಕದು, ಮೇಲೆ ತೊಟ್ಟಿಲ ಕೂಸಿನ ಚಿತ್ರ. ಹಸುಗೂಸುಗಳ ಔಷಧಿ ಎಂದರೆ ಸೌಮ್ಯವಾದದ್ದು, ಅವಳಿಗೆ ಅನುಮಾನವಿರಲಿಲ್ಲ. ಗುಬ್ಬಿ ಈಗ ಹಸುಗೂಸಲ್ಲ, ಓಡಾಡುವ ಮಗು. ಸೌಮ್ಯವಾದದ್ದು ಇಂಥ ಮಗುವಿಗೆ ಸಾಲುವುದೇ ಕಷ್ಟ, ಆದ್ದರಿಂದ ಎಂದಿನ ಗೆರೆಯವರೆಗೆ ಹಾಕಿದರೆ ಏನೂ ಆಗುವುದಿಲ್ಲ. ಕಪಾಟಿನಲ್ಲಿ ಅಂದು ಇನ್ನೊಂದೇ ಬಾಟಲಿ ಇತ್ತು, ಗುಬ್ಬಿಯ ಪಕ್ಕದಲ್ಲಿ ಮಲಗುವ ತುಂಟ ಹುಡುಗನ ಟಾನಿಕ್ಕು. ಎರಡರ ಮುಂದೆಯೂ ಮುಚ್ಚಳ ಬೋರಲು.

ಆ ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ನಿಂತಿತು. ಒಂದು ಮಗು ಚಾಪೆ ಒದ್ದೆ ಮಾಡಿತು, ಇನ್ನೊಂದು ಬಳಪ ಮೂಗಿಗೆ ತುರುಕಿಕೊಂಡಿತು. ಗುಬ್ಬಿ ಅನ್ನ ಮುಟ್ಟಲಿಲ್ಲ, ತಟ್ಟೆಯನ್ನು ದೂರ ತಳ್ಳಿ ಸಕ್ಕರೆಯಕ್ಕನ ಹೆಗಲಿಗೆ ಮುಖ ಒತ್ತಿತು. ಎಲ್ಲರನ್ನೂ ಮಲಗಿಸಿ ಕಪಾಟಿನ ಬಳಿ ಬಂದಾಗ ಎರಡು ಮುಚ್ಚಳವೂ ಬೋರಲಿದ್ದವು. ಅಯ್ಯೋ, ಬಾಕಿ ಉಳಿದಿದೆಯಲ್ಲ ಎಂದು ಗೆರೆಯವರೆಗೆ ಹಾಕಿ, ಅರೆನಿದ್ದೆಯಲ್ಲಿದ್ದ ಗುಬ್ಬಿಯ ತಲೆಯೆತ್ತಿ ಕುಡಿಸಿದಳು. ಮುಚ್ಚಳ ಅಂಗಾತ ಇಟ್ಟು ಟಾನಿಕ್ಕಿಗೆ ಕೈ ಹಾಕುವಷ್ಟರಲ್ಲಿ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ನೋಡು, ಮುಚ್ಚಳ ಹೇಗೆ ಫಳಫಳ ಅಂತಿವೆ" ಎಂದಳು. "ನಿನ್ನೆ ಮೇಡಂ ಹೇಳಿದ್ರು, ಇನ್ಮೇಲೆ ಸಂಜೆವರೆಗೂ ಕಾಯಬೇಡ, ಊಟ ಆದ ಕೂಡಲೇ ತೊಳೆದುಬಿಡು, ಡಾಕ್ಟ್ರ ಮಾತು ಅಂತ. ತೊಳೆದು ಬೋರಲು ಹಾಕಿದೀನಿ."

ಸಕ್ಕರೆಯಕ್ಕನ ಕೈ ಅಲ್ಲೇ ನಿಂತಿತು. ತೊಳೆಯುವಾಗ ಗುಬ್ಬಿಯ ಮುಚ್ಚಳ ಅಂಗಾತವಿತ್ತೋ ಬೋರಲಿತ್ತೋ ಎಂದು ಕೇಳಿದಳು. ಅಜ್ಜಿಗೆ ಸಿಟ್ಟು ಬಂತು. ಯಾವುದು ಅಂಟಾಗಿತ್ತು, ಯಾವುದು ಆಗಿರಲಿಲ್ಲ ಎಂದು ತಾನೇನು ಮೂಸಿ ನೋಡಬೇಕಿತ್ತೇ, ಎರಡನ್ನೂ ಬಾಚಿ ಬೋಗುಣಿಗೆ ಹಾಕಿದೆ, ತೊಳೆದೆ, ಇಟ್ಟೆ. ತೊಳೆದದ್ದನ್ನು ಯಾವ ಮನೆಯಲ್ಲಿ ಅಂಗಾತ ಇಡುತ್ತಾರೆ ಎಂದು ಕೇಳಿದಳು.

ಈಗ ಸಕ್ಕರೆಯಕ್ಕ ಕಪಾಟಿಗೆ ಬೆನ್ನು ಕೊಟ್ಟು ನಿಂತು ನೆನೆಯತೊಡಗಿದಳು. ಊಟವಾದ ಕೂಡಲೇ ತಾನು ಕಪಾಟಿನ ಹತ್ತಿರ ಬಂದಿದ್ದೆ. ಬಂದದ್ದು ಖಂಡಿತ. ಯಾರಿಗೋ ಏನನ್ನೋ ಕುಡಿಸಿದೆ. ಅದೂ ಖಂಡಿತ, ಬೆರಳು ಅಂಟಂಟಾಗಿ ಸೆರಗಿಗೆ ಒರೆಸಿಕೊಂಡದ್ದು ನೆನಪಿದೆ. ಆದರೆ ಅಂಟಾದದ್ದು ಟಾನಿಕ್ಕಿನಿಂದಲೋ, ಸೋರಿದ ಬಾಟಲಿಯಿಂದಲೋ? ಔಷಧಿ ನುಂಗಿ ಗುಬ್ಬಿ ಮುಖ ಕಿವುಚಿದ್ದು ಕಣ್ಣೆದುರಿಗೆ ಬಂತು. ಬಂದೊಡನೆ ಆ ಮುಖ ತುಂಟ ಹುಡುಗನದಾಯಿತು. ಮತ್ತೆ ನೋಡಿದರೆ ಹೋದ ತಿಂಗಳು ಕೆಮ್ಮಾದಾಗ ಇದೇ ಗುಬ್ಬಿ ಕಿವುಚಿದ ಮುಖ. ಮಕ್ಕಳೆಲ್ಲ ಕಹಿಗೆ ಒಂದೇ ಮುಖ ಮಾಡುತ್ತವೆ. ದಿನವೂ ಅದೇ ಕಪಾಟು, ಅದೇ ಗೆರೆ, ಅದೇ 'ಆ ಅನ್ನು ಚಿನ್ನ'. ಇಂದಿನದನ್ನು ನಿನ್ನೆಯದರಿಂದ ಬಿಡಿಸುವುದು ಕಲಸಿದ ಹಿಟ್ಟಿನಿಂದ ನೀರು ಬಿಡಿಸಿದಂತೆ.

ತುಂಟ ಹುಡುಗನನ್ನು ಮೆಲ್ಲನೆ ಎಬ್ಬಿಸಿ ಟಾನಿಕ್ಕು ಕುಡಿದೆಯಾ ಎಂದು ಕೇಳಿದಳು. ಕುಡಿದೆ ಎಂದು ತಲೆ ಆಡಿಸಿದ. ಕುಡಿದಿಲ್ಲ ಅಲ್ಲವಾ ಎಂದಳು. ಅದಕ್ಕೂ ತಲೆ ಆಡಿಸಿದ. ಅವನ ತುಟಿಯ ಬಳಿ ಬಗ್ಗಿ ಮೂಸಿದಳು, ಬಾಳೆಹಣ್ಣಿನ ವಾಸನೆ ಬಂತು. ಗುಬ್ಬಿಯ ಹಣೆ ಮುಟ್ಟಿದಳು, ಬೆಚ್ಚಗಿತ್ತು. ನೆಲ ಮುಟ್ಟಿದಳು, ಅದೂ ಬೆಚ್ಚಗಿತ್ತು. ಕೂಸನ್ನು ಎತ್ತಿ ಕಿಟಕಿಯ ಬಳಿ ಮಲಗಿಸಿದಳು. ಬಾಟಲಿಯನ್ನು ಬೆಳಕಿಗೆ ಹಿಡಿದರೆ ಅರ್ಧಕ್ಕಿಂತ ಕೆಳಗಿತ್ತು, ಆದರೆ ಬೆಳಿಗ್ಗೆ ಎಷ್ಟಿತ್ತು, ಚೀಲಕ್ಕೆ ಎಷ್ಟು ಸೋರಿತು, ದೇವರೇ ಬಲ್ಲ. ಸೌಮ್ಯವಾದ ಔಷಧಿ ತಾನೆ, ಎರಡು ಸಲವಾದರೂ ಏನಾಗುತ್ತದೆ ಎಂದುಕೊಂಡಳು. ಏನೂ ಆಗುವುದಿಲ್ಲವಾದರೆ ಎದೆ ಏಕೆ ಹೀಗೆ ಹೊಡೆದುಕೊಳ್ಳುತ್ತಿದೆ ಎಂದೂ ಅನಿಸಿತು. ಗಟ್ಟಿತನ ಎಂಬ ಮಾತು ತಲೆಯಲ್ಲಿ ಸುತ್ತತೊಡಗಿತು, ಬಿಟ್ಟುಹೋಗದ ನೊಣದ ಹಾಗೆ.

ಮೇಡಂಗೆ ಹೇಳಿಬಿಡಬೇಕೆಂದು ಪಕ್ಕದ ಕೋಣೆಗೆ ಹೋದಳು. ಮೇಡಂ ಬೆವರುತ್ತ ಕರೆಂಟಿನವರಿಗೆ ಫೋನು ಮಾಡುತ್ತಿದ್ದರು, ಮುಖ ಗಂಟು. ಗುಬ್ಬಿ ಹೇಗಿದ್ದಾಳೆ, ಔಷಧಿ ಆಯ್ತಾ ಎಂದು ಅವರೇ ಕೇಳಿದರು. "ಆಯ್ತು ಮೇಡಂ, ಒಂದು ಸಲ ಕುಡಿಸಿದೆ. ಕೊರಡಿನ ಹಾಗೆ ಮಲಗಿದಾಳೆ" ಎಂದಳು ಸಕ್ಕರೆಯಕ್ಕ. ಮೇಡಂ ಮುಖದ ಗಂಟು ಒಂದು ಸುತ್ತು ಸಡಿಲವಾಯಿತು. ಇವಳು ಹಿಂದಿರುಗಿ ಬಂದು ಗುಬ್ಬಿಯ ಪಕ್ಕದಲ್ಲಿ ಕೂತಳು. ಏಕೆ ಹಾಗೆಂದೆ ಎಂದು ಅವಳಿಗೇ ತಿಳಿಯಲಿಲ್ಲ. ನಾಲಗೆ ಹಳೆಯ ದಾರಿ ಹಿಡಿದ ಎತ್ತು, ಮೂಗುದಾರ ಎಳೆಯುವ ಮೊದಲೇ ಮನೆ ಸೇರಿರುತ್ತದೆ.

ಗುಬ್ಬಿ ಎದ್ದದ್ದು ಸೊರಗಿಕೊಂಡೇ. ಕೀಚಲು ಸದ್ದಿಲ್ಲ, ಓಡಾಟವಿಲ್ಲ. ಒಮ್ಮೆ ವಾಂತಿ ಮಾಡಿ ಇವಳ ಮಡಿಲಲ್ಲಿ ಹಾಗೇ ಬಿದ್ದುಕೊಂಡಿತು. ತಾಯಿ ಬಂದು ಮೆಟ್ಟಿಲ ಬುಡದಲ್ಲಿ ಊಟದ ವಿಷಯ ಕೇಳಿದಾಗ ಸಕ್ಕರೆಯಕ್ಕ, ತಟ್ಟೆ ಖಾಲಿ ಮಾಡಿದಳು ಎಂದುಬಿಟ್ಟಳು. ಆಮೇಲೆ ತಾಯಿ ಬಾಟಲಿ ನೋಡಿದಳು. ಎಷ್ಟು ಕೊಟ್ಟಿರಿ ಎಂದಳು. ಎಂದಿನ ಹಾಗೆ ಮುಚ್ಚಳದ ಗೆರೆಯವರೆಗೆ ಎಂದಳು ಇವಳು. ತಾಯಿಯ ಬಣ್ಣ ಇಳಿಯಿತು. "ಅಕ್ಕ, ಇದು ಹನಿ ಲೆಕ್ಕದ್ದು. ಸಿರಪ್ ಉಗೀತಾಳೆ ಅಂತ ಇದನ್ನ ತಂದೆ. ಅಂಗಡಿಯವರು ಹನಿ ಹನಿ ಕೊಡಿ ಅಂದಿದ್ರು." ಹನಿ ಏಕೆ ಎಂದು ಅವಳಿಗೂ ತಿಳಿದಿರಲಿಲ್ಲ. ಅಂಗಡಿಯವನು ಹೇಳಿದ್ದನ್ನು ಅವಳು ಕೇಳಿಕೊಂಡಿದ್ದಳು, ಕೇಳಿಕೊಂಡದ್ದನ್ನು ಬಸ್ಸಿನ ಅವಸರದಲ್ಲಿ ನುಂಗಿದ್ದಳು.

ಬೀದಿ ದಾಟಿ ಡಾಕ್ಟರ ಬಳಿಗೆ ಹೋದರು. ತಾಯಿ ಮಗುವನ್ನು ಹೊತ್ತು ಮುಂದೆ, ಮೇಡಂ ಹಿಂದೆ, ಎಲ್ಲರ ಹಿಂದೆ ಸಕ್ಕರೆಯಕ್ಕ, ಕೈಯಲ್ಲಿ ಬಾಟಲಿ ಮತ್ತು ಮುಚ್ಚಳ. ಡಾಕ್ಟರು ಮಗುವಿನ ಕಣ್ಣು, ಹೊಟ್ಟೆ ನೋಡಿದರು, ತೂಕ ಹಾಕಿದರು, ಬಾಟಲಿ ಓದಿದರು. ಈ ಸಲ ರೈಲು ನಿಧಾನವಾಗಿ ಓಡಿತು.

ಹನಿ ಔಷಧಿ ಸಿರಪ್ಪಿಗಿಂತ ಎಷ್ಟೋ ಗಟ್ಟಿ ಎಂದರು. ಸಣ್ಣ ಕೂಸು ಹೆಚ್ಚು ನುಂಗಲಾರದು, ಆದ್ದರಿಂದ ಕೆಲವೇ ಹನಿಯಲ್ಲಿ ಪೂರ್ತಿ ಔಷಧಿ ತುಂಬಿರುತ್ತಾರೆ. ಮುಚ್ಚಳದ ಗೆರೆಯವರೆಗೆ ಎಂದರೆ ಬಹಳವೇ ಆಯಿತು. ಸಕ್ಕರೆಯಕ್ಕ ಕೇಳಿಸಿಕೊಂಡಳು. ಎಲ್ಲಕ್ಕಿಂತ ಚಿಕ್ಕವರಿಗೆ ಎಲ್ಲಕ್ಕಿಂತ ಗಟ್ಟಿಯದು. ತಲೆಕೆಳಗು ಲೋಕ. ಆದರೂ ಡಾಕ್ಟರು ಹೇಳಿದ ಕಾರಣ ಸರಿಯಾಗಿಯೇ ಇತ್ತು, ಅಷ್ಟು ಸುಲಭದ ಮಾತನ್ನು ಹೋದ ವಾರ ಕೇಳಿದ್ದರೆ ಅವರು ಆಗಲೇ ಹೇಳುತ್ತಿದ್ದರು.

"ಈಗ ನನಗೆ ಗೊತ್ತಾಗಬೇಕಾದ್ದು ಒಂದೇ" ಎಂದರು ಡಾಕ್ಟರು. "ಎಷ್ಟು ಸಲ ಕೊಟ್ರಿ? ಒಂದು ಸಲ ಅಂದ್ರೆ ಮನೆಗೆ ಕರ್ಕೊಂಡು ಹೋಗಿ, ಏನೇನು ಗಮನಿಸಬೇಕು ಅಂತ ಹೇಳಿಕೊಡ್ತೀನಿ. ಎರಡು ಸಲ ಆಗಿದ್ರೆ ಈಗಲೇ ದೊಡ್ಡ ಆಸ್ಪತ್ರೆಗೆ ಕಳಿಸ್ತೀನಿ, ರಕ್ತ ನೋಡಬೇಕು, ಒಳಗೇ ಇಟ್ಕೋಬೇಕು. ಲಿವರ್ ವಿಷಯ, ಹೊರಗಿನಿಂದ ಕಾಣಲ್ಲ."

"ಒಂದೇ ಸಲ ಡಾಕ್ಟ್ರೇ" ಎಂದರು ಮೇಡಂ ತಕ್ಷಣ. "ಮಧ್ಯಾಹ್ನವೇ ನಾನು ವಿಚಾರಿಸಿದೀನಿ. ನಮ್ಮಲ್ಲಿ ಅದಕ್ಕೊಂದು ಪದ್ಧತಿ ಇದೆ."

ಡಾಕ್ಟರು ಪೆನ್ನು ಎತ್ತಿಕೊಂಡರೂ ಬರೆಯಲಿಲ್ಲ, ಸಕ್ಕರೆಯಕ್ಕನ ಕಡೆ ನೋಡಿದರು. ತರಬೇತಿಯ ದಿನ ಎದ್ದು ನಿಂತವಳು ಇವಳೇ ಎಂದು ಅವರಿಗೆ ಗುರುತು ಸಿಕ್ಕಿತ್ತು, ಮುಖದಲ್ಲಿ ಭರವಸೆ ಇತ್ತು. ಮೇಡಂ ನೋಡುತ್ತಿದ್ದರು. ತಾಯಿ ನೋಡುತ್ತಿದ್ದಳು, ಮಗುವನ್ನು ಅಪ್ಪಿಕೊಂಡು, ತುಟಿ ತುಸು ತೆರೆದು. ಮೂರು ಮುಖಗಳೂ ಒಂದೇ ಮಾತನ್ನು ಬೇಡುತ್ತಿದ್ದವು. ಸಕ್ಕರೆಯಕ್ಕನ ನಾಲಗೆಯ ತುದಿಗೆ ಅದು ಬಂದಾಗಿತ್ತು. ಗೊತ್ತಿಲ್ಲ ಎನ್ನಬಹುದಿತ್ತು, ನಿಜ ಅದೇ. ಆದರೆ ಆಯಾಳ 'ಗೊತ್ತಿಲ್ಲ' ಎಂಬ ಮಾತು ಮೇಡಂ ಅವರ 'ಒಂದೇ ಸಲ' ಎಂಬ ಮಾತಿನೆದುರು ಎಷ್ಟು ಹೊತ್ತು ನಿಂತೀತು? 'ಗಾಬರಿಯಾಗಿದ್ದಾಳೆ ಡಾಕ್ಟ್ರೇ, ಮಧ್ಯಾಹ್ನ ಸರಿಯಾಗಿ ಹೇಳಿದ್ದಳು' ಎಂದುಬಿಡುವರು ಮೇಡಂ. ಹೇಳಿದ್ದು ಹೌದಲ್ಲ.

ಗುಬ್ಬಿ ತಾಯಿಯ ಹೆಗಲ ಮೇಲೆ ಕಣ್ಣು ಬಿಟ್ಟುಕೊಂಡೇ ತೂಗುತ್ತಿತ್ತು. ಜೊಲ್ಲು ಇಳಿದು ತಾಯಿಯ ಕುಪ್ಪಸ ಒದ್ದೆಯಾಗಿತ್ತು.

"ಎರಡು ಸಲ" ಎಂದಳು ಸಕ್ಕರೆಯಕ್ಕ.

ಮೇಡಂ ತಿರುಗಿದರು. ತಾಯಿ ಏನೋ ಅಂದಳು, ಅದು ಮಾತಾಗಿರಲಿಲ್ಲ. ಖಚಿತವಾಗಿಯೇ ಹೇಳುತ್ತಿದ್ದೀರಾ ಎಂದು ಕೇಳಿದರು ಡಾಕ್ಟರು.

"ಖಚಿತ. ಊಟ ಆದ ಕೂಡಲೇ ಒಂದು ಸಲ, ಮಲಗಿಸಿದ ಮೇಲೆ ಒಂದು ಸಲ. ಅಜ್ಜಿದೇನೂ ತಪ್ಪಿಲ್ಲ, ಮೇಡಂಗೆ ಗೊತ್ತಿಲ್ಲ. ಎರಡೂ ನಾನೇ ಕುಡಿಸಿದ್ದು, ನನಗೆ ಚೆನ್ನಾಗಿ ನೆನಪಿದೆ. ಅನ್ನಾನೂ ಮುಟ್ಟಿಲ್ಲ ಅವಳು."

ಡಾಕ್ಟರು ಫೋನು ಎತ್ತಿಕೊಂಡರು. ಯಾರ ಮುಖವೂ ಅರಳಿರಲಿಲ್ಲ, ತಾಯಿ ಅವಳ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಊಟದ ಹೊತ್ತಿನದು ಸಕ್ಕರೆಯಕ್ಕನಿಗೆ ಈಗಲೂ ನೆನಪಿರಲಿಲ್ಲ. ಕೈಯಲ್ಲಿದ್ದ ಮುಚ್ಚಳವನ್ನು ಮೇಜಿನ ಮೇಲೆ ಬಾಟಲಿಯ ಮುಂದಿಟ್ಟಳು, ಅಂಗಾತ.